ಗಾಡಿ ಬಿಸಿಯಾಗಿದ್ದ ಮಧ್ಯಾಹ್ನ

ಆ ಬಾವಿ ಕಂಡು ಅಷ್ಟು ಜೋರಾಗಿ ನಡೆದುಬಿಟ್ರಲ್ಲ ವಾರಿಜಕ್ಕ, ನನಗೆ ನಗು ಬಂತು. ಸ್ಟೇಷನ್ನಿಂದ ತಡವಾಗಿ ಬರೋ ಹೊಸಬರೆಲ್ಲ ಅಲ್ಲಿ ಹಾಗೇ ಓಡ್ತಾರೆ. ಆಲದ ಮರ, ಅದರ ಬುಡದಲ್ಲಿ ಕಬ್ಬಿಣದ ಜಾಳಿಗೆ ಮುಚ್ಚಿದ ಹಳೇ ಬಾವಿ... ಯಾರಿಗಾದ್ರೂ ಎದೆ ಡವಡವ ಅನ್ನುತ್ತೆ. ಆದ್ರೆ ಆ ಬಾವೀಲಿ ಏನೂ ಇಲ್ಲ. ಪೂಜೆಯ ಹೂವು, ಹರಿದ ಚಪ್ಪಲಿ, ಬಾಟ್ಲಿ, ಅಷ್ಟೇ. ಮುಂಬೈಗೆ, ಈ ದಹಿಸರಕ್ಕೆ ಬಂದು ಇಷ್ಟು ವರ್ಷ ಆಯ್ತು, ನಾನು ಆ ಬಾವಿಗೆ ಹೆದರಿಲ್ಲ. ಆ ಮರದ ಕೆಳಗೆ ನಿಂತು ಫೋನಲ್ಲಿ ಮಾತಾಡ್ತಿದ್ದ ಒಬ್ಬನಿಗೆ ಹೆದರಿದ್ದೆ. ಅದೂ ಜೀವಂತ ಇದ್ದವನಿಗೆ.

ನಲ್ಲೀಲಿ ನೀರು ಬರೋಕೆ ಇನ್ನೂ ಹೊತ್ತಿದೆ. ಡ್ರಮ್ ಇಲ್ಲೇ ಇಡಿ. ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ಹೇಳ್ತೀನಿ. ಮೆಲ್ಲಗೆ ಮಾತಾಡೋಣ... ಈ ಸಾಲಿನ ಕೊನೇ ಖೋಲಿ ಇದೆಯಲ್ಲ, ಅದು ಜುನೇದ್‌ದು. ಅವನಿಗೆ ಈಗೀಗ ನಿದ್ದೆ ಬರುತ್ತೆ. ಎಬ್ಬಿಸೋದು ಬೇಡ.

ಇದು ಅವನಿಗೇ ಆದದ್ದು. ನಮ್ಮನೆಯವರು ಜೊತೇಲಿದ್ರು. ಅವರ ಹೆಸರು ಚಂದ್ರಾಮ. ನಮ್ಮತ್ತೆ ಕೇಳಿಸಿಕೊಂಡ್ರೆ, ಗಂಡನ ಹೆಸರು ಹಿಡಿದು ಹೇಳ್ತೀಯಾ ಅಂತ ಸೌಟು ಎತ್ತಿಕೊಂಡು ಬರ್ತಿದ್ರು. ನೋಡಿದೀರಲ್ಲ ಅವರನ್ನ? ಬಿಲ್ಡಿಂಗ್‌ಗಳಲ್ಲಿ ನೆಲಕ್ಕೆ ಫರಸಿ ಕಲ್ಲು ಕೂರಿಸೋ ಕೆಲಸ. ಸುಳ್ಳು ಕಟ್ಟೋ ಬುದ್ಧಿ ಆ ಮನುಷ್ಯನಿಗೆ ಇದ್ದಿದ್ರೆ ಇಷ್ಟೊತ್ತಿಗೆ ಕಂತ್ರಾಟುದಾರ ಆಗಿರ್ತಿದ್ರು, ನಾನು ಹೀಗೆ ಡ್ರಮ್ ಇಟ್ಕೊಂಡು ನಲ್ಲಿ ಕಾಯ್ತಿರಲಿಲ್ಲ.

ಜುನೇದ್‌ಗೆ ಒಬ್ಬ ಅಣ್ಣ ಇದ್ದ. ಹಾಶಿಮ. ಇಬ್ಬರೂ ಅದೇ ಖೋಲೀಲಿ ಇದ್ರು. ಹಾಶಿಮ ಬಾಂದ್ರಾ ಕಡೆ ಏಸಿ ಕೂರಿಸ್ತಿದ್ದ. ಜುನೇದ್ ಸಯನ್‌ನಲ್ಲಿ ಒಂದು ಗ್ಯಾರೇಜಿಗೆ ಹೋಗ್ತಿದ್ದ. ಊರು ಚಡಚಣದ ಆಚೆ, ನಮ್ಮ ಸೀಮೆಯೇ. ಅಣ್ಣತಮ್ಮಂದಿರ ಮುಖ ಬೇರೆಬೇರೆ, ಧ್ವನಿ ಮಾತ್ರ ಒಂದೇ. ಗೋಡೆಯಾಚೆ ಮಾತಾಡ್ತಿರೋದು ಯಾರು ಅಂತ ನಮ್ಮನೆಯವರ ಜೊತೆ ಪಂಥ ಕಟ್ಟಿ ಎಷ್ಟೋ ಸಲ ಸೋತಿದ್ದೀನಿ. ಒಂದೇ ಒಂದು ವ್ಯತ್ಯಾಸ ಇತ್ತು. ಹಾಶಿಮ ಮಾತು ಶುರು ಮಾಡೋ ಮೊದಲು ಗಂಟಲಲ್ಲಿ ಸಣ್ಣಗೆ 'ಹ್ಞುಂ' ಅಂತಿದ್ದ.

ಒಂದು ದಿನ ಎತ್ತರದ ಕಿಟಕಿಯ ಹೊರಗೆ ನಿಂತು ಏಸಿ ಡಬ್ಬಿ ಬಿಗೀತಿದ್ದಾಗ ಕಾಲ ಕೆಳಗಿನ ಕಬ್ಬಿಣ ಕಿತ್ತು ಬಂತು. ಅಷ್ಟು ಮೇಲಿಂದ ಬಿದ್ದ ಮೇಲೆ ಕೇಳೋದೇನು. ಊರಿಗೆ ಒಯ್ಯೋ ಸ್ಥಿತೀಲಿ ಇರಲಿಲ್ಲ. ಇಲ್ಲೇ ಮಣ್ಣು ಮಾಡಿದ್ರು.

ಮಣ್ಣು ಮುಗಿಸಿ ಬರೋವಾಗ ತಡರಾತ್ರಿ. ಉಳಿದವರೆಲ್ಲ ರಿಕ್ಷಾದಲ್ಲಿ ಹೋದ್ರು. ಜುನೇದ್ ನಡೀತೀನಿ ಅಂದ. ಒಬ್ಬನ್ನೇ ಹೇಗೆ ಬಿಡೋದು ಅಂತ ನಮ್ಮನೆಯವರೂ ನಡೆದ್ರು. ಚಪ್ಪಲಿ ಸಪ್ಪಳ ಮಾತ್ರ... ಸರ್, ಸರ್, ಸರ್. ಆ ಆಲದ ಮರದ ಹತ್ತಿರ ಬಂದಾಗ ಜುನೇದ್‌ನ ಜೇಬಿನಲ್ಲಿ ಫೋನು ನಡುಗ್ತು. ಝುರ್... ಝುರ್... ಅವನ ಫೋನಲ್ಲ. ಹಾಶಿಮನದು. ಗಾಜು ಒಡೆದಿತ್ತು, ಫೋನು ಬದುಕಿತ್ತು. ಪರದೆ ಮೇಲೆ 'ಅಮ್ಮಿ' ಅಂತ ಇತ್ತು.

ಅಮ್ಮಿ ಅಂದ್ರೆ ಅವರ ತಾಯಿ, ಅಮೀರುನ್ನೀಸಾ. ಊರಲ್ಲಿ ಮಗಳು ದಿಲನಾಜಳ ಜೊತೆ ಇದಾಳೆ. ಆ ವಾರವಷ್ಟೇ ಆಕೆಗೆ ಕಣ್ಣಿನ ಪೊರೆ ತೆಗೆದಿದ್ರು. ಕಣ್ಣಿಗೆ ನೀರು ತಾಗಬಾರದು, ಭಾರ ಎತ್ತಬಾರದು, ಮುಖ್ಯ ಅಳಬಾರದು ಅಂತ ಡಾಕ್ಟರು ಹೇಳಿ ಕಳಿಸಿದ್ರು.

"ಎತ್ತಬ್ಯಾಡ ತಮ್ಮಾ..." ನಮ್ಮನೆಯವರು ಪಿಸುಗುಟ್ಟಿದ್ರು.

ಜುನೇದ್ ಎತ್ತಿದ. ಗಂಟಲಲ್ಲಿ ಒಂದು ಸಲ... 'ಹ್ಞುಂ' ಅಂದ.

"ಹೌ ಅಮ್ಮಿ... ಮೈಂಚ್. ಹಾಶಿಮ್."

ನಾನೇ ಅಮ್ಮಿ, ಹಾಶಿಮ ಅಂತ. ಹತ್ತಿ ಬಟ್ಟೆಯಲ್ಲಿ ಸುತ್ತಿ ಮಣ್ಣಲ್ಲಿ ಇಟ್ಟು ಬಂದವನ ಧ್ವನಿ, ಪಕ್ಕದಲ್ಲಿ ನಿಂತು ಮಾತಾಡ್ತಿದೆ! ನಮ್ಮನೆಯವರು ಆ ಮರದ ಬಿಳಲು ಹಿಡ್ಕೊಂಡು ನಿಂತ್ರಂತೆ, ಬೀಳಬಾರದು ಅಂತ. ಊಟ ಆಯ್ತು ಅಂದ. ಕೆಲಸ ಇದೆ ಅಂದ. ಕಣ್ಣಿಗೆ ಹನಿ ಹಾಕ್ಕೊಂಡ್ಯಾ ಅಂತ ಕೇಳಿದ. ಫೋನು ಇಟ್ಟ.

"ಅತ್ತರ ಕಣ್ಣ ಹೋಗ್ತಾವಣ್ಣ ಆಕೀವು" ಅಂದ. "ಕಣ್ಣ ಮಾಯಲಿ. ಆಮ್ಯಾಲ ಹೇಳ್ತೀನಿ."

ಅಷ್ಟು ಹೇಳುವಾಗಲೂ ಅವನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅಣ್ಣ ಸತ್ತ ಸುದ್ದಿ ಬಂದಾಗ ಇರಲಿಲ್ಲ, ಹೂಳುವಾಗ ಇರಲಿಲ್ಲ. ಗೋಡೆ ಹಾಗೆ ಇದ್ದ.

ಆವತ್ತಿಂದ ಶುರುವಾಯ್ತು. ದಿನಾ ಸಂಜೆ ಅಮ್ಮಿಯ ಫೋನು ಬರೋದು. ನಮ್ಮ ಖೋಲಿಗಳ ಗೋಡೆ ಎಷ್ಟು ತೆಳು ಅಂತ ನಿಮಗೇ ಗೊತ್ತು. ಅವನು ಆ ಮರದ ಕೆಳಗೆ ಹೋಗಿ ಮಾತಾಡೋನು. ಮೊದಲು ಹಾಶಿಮ ಆಗಿ. ಆಮೇಲೆ ಆ ತಾಯಿ, ಜುನೇದ್ ಎಲ್ಲಿ, ಅವನಿಗೆ ಕೊಡು ಅಂತಾಳೆ. ಒಂದು ಗಳಿಗೆ ಸುಮ್ಮನಿದ್ದು ಜುನೇದ್ ಆಗಿ ಮಾತಾಡೋನು. ಒಂದು ದಿನ ಆಕೆ ಹಾಶಿಮನಿಗೆ ಹೇಳಿದ್ಲಂತೆ... ನಿನ್ನ ತಮ್ಮ ಸರಿಯಾಗಿ ಮಾತೇ ಆಡಲ್ಲ, ಸ್ವಲ್ಪ ಬೈ ಅಂತ. ಅವನು ಫೋನು ಕಿವೀಲಿ ಇಟ್ಕೊಂಡೇ ತನಗೆ ತಾನೇ ಬೈಕೊಂಡ. ತಾನೇ 'ತಪ್ಪಾಯ್ತು ಭಾಯ್' ಅಂದ.

ಅದೇ ಹೊತ್ತಿಗೆ ನಾನು ಮಾರ್ಕೆಟ್‌ನಿಂದ ಬರ್ತಿದ್ದೆ. ಮರದ ಆ ಕಡೆಯಿಂದ 'ಹ್ಞುಂ'... ಅಂತ ಕೇಳಿಸ್ತು ವಾರಿಜಕ್ಕ. ಕೈಯಲ್ಲಿದ್ದ ಬೆಂಡೆಕಾಯಿ ಚೀಲ ಬಿಟ್ಟು ಓಡಿ ಬಂದೆ. ಮಾರನೇ ದಿನ ಹೋಗಿ ಚೀಲ ಹುಡುಕಿದೆ, ಸಿಗಲಿಲ್ಲ. ಈ ಊರಲ್ಲಿ ದೆವ್ವಕ್ಕೆ ಹೆದರದವರೂ ಬೇಕಾದಷ್ಟು ಜನ ಇದಾರೆ.

ನಮ್ಮ ಕಡೆಯವರೆಲ್ಲ ಬಾಯಿ ಮುಚ್ಚಿಕೊಂಡಿದ್ವಿ. ಊರಿಗೆ ಯಾರೂ ಸುದ್ದಿ ಕೊಡಬಾರದು ಅಂತ ಮಾತು. ಕಣ್ಣು ವಾಸಿಯಾಯ್ತು ಅಂತ ಡಾಕ್ಟರು ಹೇಳಿದ ದಿನ ದಿಲನಾಜ ಖುಷೀಲಿ ಫೋನ್ ಮಾಡಿದ್ಲು. ಇನ್ನು ನೆಪ ಇಲ್ಲ. ಹಾಶಿಮನ ನಲವತ್ತನೇ ದಿನದ ಫಾತಿಹಾ, ಸತ್ತವರಿಗೆ ಓದಿಸೋ ಪ್ರಾರ್ಥನೆ, ಅದು ಬೇರೆ ಹತ್ತಿರ ಬಂತು. ತಾಯಿಗೆ ತಿಳಿಯದೆ ಅದನ್ನ ಹೇಗೆ ಮಾಡೋದು?

ಬಸ್ಸಿಗೆ ಕೂತ್ರೆ ಒಂದು ರಾತ್ರಿ, ಬೆಳಗಾಗೋದ್ರಲ್ಲಿ ಊರು. ಆದ್ರೆ ಅವನು ಬಸ್ಸು ಬೇಡ, ಹಾಶಿಮನ ಮೋಟರ್‌ಸೈಕಲ್ ಮೇಲೇ ಹೋಗ್ತೀನಿ ಅಂದ. ಗಾಡಿ ಅಮ್ಮಿಯ ಮನೆ ಮುಂದೆ ಇರಲಿ ಅಂತ ಹೇಳಿದ. ನನಗೆ ಗೊತ್ತಿತ್ತು, ನಿಧಾನ ಹೋಗೋಕೆ ಅದೊಂದು ದಾರಿ. ನಾನೇ ನಮ್ಮನೆಯವರನ್ನ ಜೊತೆಗೆ ಅಟ್ಟಿದೆ. ಈ ಹುಡುಗ ಹೇಳದೇ ವಾಪಸ್ ಬಂದ್ರೆ ನೀವೇ ಹೇಳಿ ಬನ್ನಿ ಅಂತ ಹೇಳಿ ಕಳಿಸಿದೆ.

ಇಬ್ಬರೂ ಒಂದೇ ಗಾಡೀಲಿ ಹೊರಟ್ರು. ಮಳೆ ಮುಗಿದು ಬಿಸಿಲು ಚುರುಗುಟ್ಟೋ ದಿನಗಳು. ಜುನೇದ್ ಹೈವೇ ಬಿಟ್ಟು ಒಳದಾರಿ ಹಿಡಿದ. ಕೇಳಿದ್ರೆ, ರಸ್ತೆ ಚೊಲೋ ಐತಿ ಅಂದ. ಎಲ್ಲಿ ಚೊಲೋ? ತಗ್ಗುಗಳಲ್ಲಿ ಗಾಡಿ ಹಾರಿ ಹಾರಿ ನಮ್ಮನೆಯವರ ಸೊಂಟ ಮುರಿದು ಬಂತು. ಚಹಾ ಕೊಟ್ರೆ ಕುಡಿಯೋನು. ಊಟ ಇಟ್ರೆ ತಿನ್ನೋನು. ಸಂಜೆ ಒಂದು ಮರದ ಕೆಳಗೆ ನಿಲ್ಲಿಸಿ, 'ಹ್ಞುಂ' ಅಂದು ಅಮ್ಮಿಯ ಜೊತೆ ಮಾತಾಡಿ, ಮತ್ತೆ ಕಿಕ್ ಹೊಡೆಯೋನು. ಬರ್ತಿದ್ದೀವಿ ಅಂತ ಮಾತ್ರ ಹೇಳಿರಲಿಲ್ಲ.

ಕತ್ತಲಾದ ಮೇಲೆ ಒಂದು ಊರು ಸಿಕ್ಕಿತು. ಹೆಸರು ನಮ್ಮನೆಯವರಿಗೇ ಸರಿಯಾಗಿ ನೆನಪಿಲ್ಲ. ಮರಾಠಿ ಸೀಮೆಯ ಮೂಲೆ ಊರು. ಒಂದು ಎಸ್‌ಟಿ ಬಸ್ ಸ್ಟ್ಯಾಂಡು, ನಾಲ್ಕು ಅಂಗಡಿ, ಒಂದು ಲಾಡ್ಜು. ಲಾಡ್ಜು ಅಂದ್ರೆ ಒಬ್ಬ ಮುದುಕನ ಮನೆ, ಹಿಂದೆ ಎರಡು ಖೋಲಿ, ಮುಂದೆ ಗೋಡೆ ಕಟ್ಟಿದ ಅಂಗಳ, ಕಬ್ಬಿಣದ ಗೇಟು. ಗಾಡಿಗೆ ಅದೇ ಊರಲ್ಲಿ ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿದ್ರು. ಅಲ್ಲಿಂದ ಅವರ ಊರು ಒಂದು ಬೆಳಗಿನ ದಾರಿ ಅಷ್ಟೇ.

ಬೆಳಿಗ್ಗೆ ನಮ್ಮನೆಯವರು ಎದ್ದು, ಮುಖ ತೊಳೆದು, ಚೀಲ ಕಟ್ಟಿದ್ರು. ಜುನೇದ್ ಮಂಚದ ಮೇಲೆ ಫ್ಯಾನು ನೋಡ್ತಾ ಮಲಗಿದ್ದ. ಫ್ಯಾನು ಹಳೇದು. ಸುತ್ತಿಗೊಮ್ಮೆ ಕಿರ್ರ್... ಕಿರ್ರ್... ಅಂತಿತ್ತು. ರಾತ್ರಿಯಿಡೀ ಹಾಗೇ ನೋಡಿದ್ದಾನೆ.

"ಏಳು ತಮ್ಮಾ, ಹೋಗೂಣು."

"ಇವತ್ತ ಬ್ಯಾಡಣ್ಣ."

"ಯಾಕ? ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೀನಿ. ಇವತ್ತ ಒಂದಿನ ಕುಂದ್ರೂಣು. ನಾಳೆ ಹೋಗೂಣು."

ಎದ್ದು ಹಾಶಿಮನ ಫೋನು ತೆಗೆದ. ಬಟನ್ ಒತ್ತಿ ಆಫ್ ಮಾಡಿದ. ಚೀಲದ ತಳಕ್ಕೆ ಹಾಕಿದ.

"ಇವತ್ತೊಂದಿನ ನಾ ಹಾಶಿಮ ಆಗಂಗಿಲ್ಲ" ಅಂದ. ಅತ್ತಿದ್ರೆ, ಬೈದಿದ್ರೆ ನಮ್ಮನೆಯವರಿಗೆ ಸಮಾಧಾನ ಆಗ್ತಿತ್ತೋ ಏನೋ. ಅವನು ಅದನ್ನ ಅಂಗಡಿ ಬಾಗಿಲು ಇವತ್ತು ತೆಗೆಯಲ್ಲ ಅನ್ನೋ ಹಾಗೆ ಹೇಳಿದ.

ಸರಿ, ರಜಾ. ನಮ್ಮನೆಯವರಿಗೆ ಸುಮ್ಮನೆ ಕೂರೋಕೆ ಬರಲ್ಲ. ಮುದುಕನ ಹತ್ತಿರ ಸಾಬೂನು ಇಸ್ಕೊಂಡು ಇಬ್ಬರ ಬಟ್ಟೆ ಒಗೆಯೋಕೆ ಕೂತ್ರು. ಮನೇಲಿ ಒಂದು ಕರ್ಚೀಫು ಒಗೆದವರಲ್ಲ, ಅಲ್ಲಿ ಹೋಗಿ ಊರವರ ಬಟ್ಟೆ ಒಗೀತಾರೆ! ಜುನೇದ್‌ನ ಪ್ಯಾಂಟಿನ ಜೇಬು ತಡವಿದಾಗ ಒಂದು ಗಂಟು ಸಿಕ್ಕಿತು. ಕರ್ಚೀಫಿನ ಗಂಟು. ಬಿಚ್ಚಿದ್ರೆ... ಮಣ್ಣು. ಒಂದು ಹಿಡಿ, ಒಣಗಿ ಹೆಂಟೆಯಾಗಿದ್ದ ಮಣ್ಣು. ಅದರ ಮೇಲೆ ಬೆರಳಿನ ಗುರುತು ಹಾಗೇ ಇತ್ತು.

"ಏನಲೇ ಇದು?"

ಜುನೇದ್ ಬಾಗಿಲಲ್ಲಿ ನಿಂತಿದ್ದ.

"ಅಣ್ಣಂದು" ಅಂದ.

ನಿಮಗೆ ಗೊತ್ತಿರಬೇಕು, ಅವರಲ್ಲಿ ಮಣ್ಣಿಗೆ ಬಂದ ಪ್ರತಿಯೊಬ್ಬರೂ ಮೂರು ಹಿಡಿ ಮಣ್ಣು ಹಾಕ್ತಾರೆ. ಮಣ್ಣು ಕೊಡೋದು ಅಂತಾರೆ. ಸತ್ತವನಿಗೆ ಬದುಕಿದವನು ಕೊಡೋ ಕೊನೇದು ಅದೇ. ಜುನೇದ್ ಎರಡು ಹಿಡಿ ಕೊಟ್ಟನಂತೆ. ಮೂರನೇದು ಕೈಯಲ್ಲಿ ಹಿಡಿದ... ಬೆರಳು ಬಿಚ್ಚಲಿಲ್ಲ. ಹಿಂದಿನವರು ಮುಂದೆ ಬಂದ್ರು, ಇವನು ಪಕ್ಕಕ್ಕೆ ಸರಿದ. ಮುಷ್ಟಿ ಹಾಗೇ ಜೇಬಿಗೆ ಹೋಯ್ತು. ಯಾರೂ ನೋಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಮ್ಮನೆಯವರೂ ನೋಡಿರಲಿಲ್ಲ.

"ಗೋರಿ ಮಣ್ಣ ಯಾರರ ಮನಿಗೆ ತರ್ತಾರೇನ?" ನಮ್ಮನೆಯವರು ಗಂಟನ್ನ ಮತ್ತೆ ಬಿಗಿದು ಕಟ್ಟಿದ್ರು. "ಅವನ ಮಣ್ಣ ಮುಗಿದಿಲ್ಲಲೇ ಹಂಗಾರ. ಒಂದ ಹಿಡಿ ಬಾಕಿ ಉಳದೈತಿ."

"ಹೂಂ."

"ಹೂಂ ಅಂದ್ರ? ಏನ ಮಾಡಾವ ಇದನ್ನ?"

"ಗೊತ್ತಿಲ್ಲಣ್ಣ. ಇರಲಿ."

ಗಂಟು ಇಸ್ಕೊಂಡ. ಒಳಗೆ ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. ಗಂಟು ಎದೆ ಹತ್ತಿರ. ಗಾಡಿಯ ಕೀ ಅವನ ತಲೆ ಕೆಳಗೆ. ಅದನ್ನ ನಮ್ಮನೆಯವರು ಕಣ್ಣಾರೆ ನೋಡಿದ್ದಾರೆ.

ಮಧ್ಯಾಹ್ನ ಬಿಸಿಲು ಏರಿತು. ಮುದುಕ ಊಟ ಕೊಟ್ಟ. ಜುನೇದ್‌ನ ಕರೆದ್ರು, ಏಳಲಿಲ್ಲ. ಅಲುಗಾಡಿಸಿದ್ರು, ಏಳಲಿಲ್ಲ. ಉಸಿರಾಟ ಸರಿಯಾಗಿತ್ತು. ಇಷ್ಟು ದಿನದಲ್ಲಿ ಕಣ್ಣು ಮುಚ್ಚಿದ್ದೇ ಮೊದಲು, ಮಲಗಲಿ ಪಾಪ ಅಂತ ಬಿಟ್ರು. ಮುದುಕ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ. ಮಧ್ಯಾಹ್ನ ಮಲಗೋವಾಗ ದಿನಾ ಹಾಗೇ ಮಾಡ್ತಾನಂತೆ. ಬೀಗದ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದ. ಗಾಡಿ ಅಂಗಳದಲ್ಲಿ, ಗೋಡೆ ನೆರಳಲ್ಲಿ ನಿಂತಿತ್ತು. ಊರು ಪೂರಾ ಸದ್ದಡಗಿತು. ನಾಯಿ ಕೂಡ ಇಲ್ಲ. ಫ್ಯಾನು ಒಂದೇ... ಕಿರ್ರ್... ಕಿರ್ರ್... ನಮ್ಮನೆಯವರಿಗೂ ಜೊಂಪು ಹತ್ತಿತು.

ಎಚ್ಚರ ಆಗಿದ್ದು ಒಂದು ಸದ್ದಿಗೆ.

ಟಿಣ್...

ಸ್ವಲ್ಪ ಹೊತ್ತು ಏನಿಲ್ಲ.

ಟಿಣ್... ಟಿಣ್...

ಕರೆಂಟ್ ಹೋಗಿತ್ತು. ಫ್ಯಾನು ನಿಂತಿತ್ತು. ಅದಕ್ಕೇ ಅಷ್ಟು ಸಣ್ಣ ಸದ್ದೂ ಕೇಳಿಸ್ತು. ದೂರದಿಂದ ಓಡಿ ಬಂದ ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ನು ಆರುತ್ತಾ ಒಂದು ಸದ್ದು ಮಾಡುತ್ತಲ್ಲ, ಕಾದ ಕಬ್ಬಿಣ ತಣ್ಣಗಾಗೋ ಸದ್ದು... ಅದು. ಅಂಗಳದಿಂದ ಬರ್ತಿತ್ತು.

ನಮ್ಮನೆಯವರು ಎದ್ದು ಹೊರಗೆ ಹೋದ್ರು. ಒಗೆದ ಬಟ್ಟೆ ತಂತಿ ಮೇಲೆ ಒಣಗಿ ಬಡಿಗೆ ಆಗಿದ್ವು. ಗೇಟಿಗೆ ಬೀಗ ಹಾಗೇ ಇತ್ತು. ಗಾಡಿ ಇದ್ದಲ್ಲೇ, ನೆರಳಲ್ಲೇ ಇತ್ತು. ಬಗ್ಗಿ ನೋಡೋಕೆ ಹತ್ತಿರ ಹೋದವರು ಕಾಲು ತಾಗಿಸಿಕೊಂಡ್ರು ನೋಡಿ... ಚುರ್ ಅಂತು. ಮೀನಖಂಡದ ಮೇಲೆ ಸೈಲೆನ್ಸರ್ ಅಂಟಿತು. ಹಿಂದಿನ ರಾತ್ರಿಯಿಂದ ಯಾರೂ ಕಿಕ್ ಹೊಡೆಯದ ಗಾಡಿ ಅದು! ಆ ಸುಟ್ಟ ಗಾಯಕ್ಕೆ ಇಲ್ಲಿ ನಾನೇ ಮುಲಾಮು ಹಚ್ಚಿದ್ದು. ಬೊಬ್ಬೆ ಎದ್ದು ಕೀವು ಆಗಿತ್ತು. ಬಿಸಿಲಿಗೆ ಕಾದ ಕಬ್ಬಿಣಕ್ಕೆ ಹಾಗೆ ಆಗಲ್ಲ, ನನಗೆ ಗೊತ್ತಿಲ್ವಾ? ದಿನಾ ಒಲೆ ಮುಂದೆ ನಿಲ್ಲೋಳು ನಾನು.

ಖೋಲಿಗೆ ಓಡಿದ್ರು. ಜುನೇದ್ ಹಾಗೇ ಮಲಗಿದ್ದ. ಗೋಡೆ ಕಡೆ ಮುಖ. ಗಂಟು ಎದೆ ಹತ್ತಿರ. ಕೀ ತಲೆ ಕೆಳಗೆ.

ಮುದುಕನನ್ನ ಎಬ್ಬಿಸಿ ಕೇಳಿದ್ರು, ಗೇಟು ತೆಗೆದ್ರಾ ಅಂತ. ಅವನು ಸೊಂಟ ಮುಟ್ಟಿ ಕೀ ತೋರಿಸಿದ. ಇಲ್ಲ ಅಂದ. ಇವರ ಮುಖ ನೋಡಿ ಒಂದು ತಂಬಿಗೆ ನೀರು ಕೊಟ್ಟ. ಕಾಲಿಗೋ ಬಾಯಿಗೋ ಗೊತ್ತಾಗಲಿಲ್ಲ, ಕುಡಿದುಬಿಟ್ರು.

ಜುನೇದ್ ಎದ್ದಾಗ ಸಂಜೆ.

"ಎಷ್ಟ ಚೊಲೋ ನಿದ್ದಿ ಬಂತಣ್ಣ" ಅಂದ. ಅಷ್ಟೇ. ನಮ್ಮನೆಯವರು ಕಾಲು ಪ್ಯಾಂಟಿನ ಒಳಗೆ ಮುಚ್ಚಿಕೊಂಡ್ರು. ಆವತ್ತು ಅಮ್ಮಿಯ ಜೊತೆ ಫೋನಲ್ಲಿ ಮಾತೂ ಆಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೊರಟ್ರು. ಊರು ದಾಟಿ ಸ್ವಲ್ಪ ದೂರ ಹೋಗಿರಲಿಲ್ಲ, ಗಾಡಿ ಬುಸ್ ಬುಸ್ ಅಂದು ನಿಂತಿತು. ಪೆಟ್ರೋಲ್ ಇಲ್ಲ. ತುಂಬಿಸಿದ ಟ್ಯಾಂಕು ಖಾಲಿ. ಜುನೇದ್ ಗ್ಯಾರೇಜಿನವನು, ನೂರು ಪ್ರಶ್ನೆ ಕೇಳಬೇಕಿತ್ತು. ಬಗ್ಗಿ ರಿಸರ್ವ್‌ಗೆ ತಿರುಗಿಸಿದ, ಕಿಕ್ ಹೊಡೆದ, ಹೊರಟ.

ಊರು ಹತ್ತಿರ ಬಂದಾಗ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದ. ಹೇಳಬೇಕಾದ ಮಾತು ಬಾಯಲ್ಲೇ ಹೇಳಿಕೊಳ್ತಿದ್ದ. ಅಮ್ಮಿ, ಭಾಯ್ ಇನ್ನ ಇಲ್ಲ. ಅಮ್ಮಿ, ಭಾಯ್ ಹೋಗಿಬಿಟ್ಟ. ಯಾವ ಮಾತೂ ಸರಿ ಬರ್ತಿರಲಿಲ್ಲ. ಕೊನೆಗೆ ನಮ್ಮನೆಯವರನ್ನ ಕೇಳಿದ, "ಅಣ್ಣಾ, ನಾ ಯಾರ ಧ್ವನಿಯಾಗ ಹೇಳಲಿ?"

ಇದನ್ನ ಹೇಳೋವಾಗ ನಮ್ಮನೆಯವರು ಪ್ರತಿ ಸಲ ಎದ್ದು ಹೊರಗೆ ಹೋಗ್ತಾರೆ. ನಾನೇ ಮುಂದಿನದನ್ನ ಹೇಳಬೇಕು.

ಮನೆ ಮುಂದೆ ಜನ ಇದ್ರು. ಹೆಂಗಸರು ಚಾಪೆ ಹಾಸಿ ಕೂತಿದ್ರು. ಗಾಡಿ ಸದ್ದಿಗೆ ಎಲ್ಲರೂ ತಲೆ ಎತ್ತಿದ್ರು. ಹೊಸ್ತಿಲ ಪಕ್ಕ ಅಮೀರುನ್ನೀಸಾ. ಕಪ್ಪು ಕನ್ನಡಕ ತೆಗೆದಿಟ್ಟಿದ್ಲು. ಕಣ್ಣು ಬಾತು ಕೆಂಪಗಿದ್ವು. ಅತ್ತು ಅತ್ತು ಮುಗಿಸಿದ ಕಣ್ಣು.

ಜುನೇದ್ ಬಾಯಿ ತೆಗೆದ. ಆಕೆ ಕೈ ಎತ್ತಿ ತಡೆದ್ಲು.

"ಬಾ. ನನಗ ತಿಳದೈತಿ."

ಮಕ್ಕಳ ಜೊತೆ ಆಕೆ ದಖನಿ ಉರ್ದು ಮಾತಾಡೋದು. ಆವತ್ತು ಕನ್ನಡದಲ್ಲೇ ಹೇಳಿದ್ಲು, ನಮ್ಮನೆಯವರಿಗೂ ತಿಳೀಲಿ ಅಂತ. ಮೆಲ್ಲಗೆ. ಈಗ ನಾನು ಹೇಳ್ತಿದ್ದೀನಲ್ಲ, ಇದಕ್ಕಿಂತ ಮೆಲ್ಲಗೆ.

"ನಿನ್ನಿ ಮಧ್ಯಾಹ್ನ ಗಾಡಿ ಸಪ್ಪಳಾತು. ದಿಲನಾಜ ಹೊಲಿಗಿ ಕಲಿಯಾಕ ಹೋಗಿದ್ಲು. ನಾ ಒಬ್ಬಾಕೀನ ಇದ್ದೆ. ಹಾಶಿಮ ಬಂದ. ಒಳಗ ಬಾರೋ ಅಂದೆ, ಬರಲಿಲ್ಲ. ಇಲ್ಲೆ ಹೊಸ್ತಿಲದಾಗ ಕುಂತ. ಅಮ್ಮಿ, ನಿನ್ನ ಕಣ್ಣ ಮಾಯ್ದಾವ, ಇನ್ನ ಅಳಬಹುದು ಅಂದ. ಆಮ್ಯಾಲ ಎಲ್ಲಾ ಹೇಳಿದ... ಎಲ್ಲಿ ಬಿದ್ದೆ, ಎಲ್ಲಿ ಇಟ್ಟಾರ, ಎಲ್ಲಾ."

ಆಕೆ ಹೊಸ್ತಿಲ ಮೇಲೆ ಕೈ ಇಟ್ಟು ಮುಂದೆ ಹೇಳಿದ್ಲು.

"ಜುನೇದ್ ಎಲ್ಲಿ ಅಂತ ಕೇಳಿದೆ. ಇಬ್ಬರ ಮಾತ ಒಬ್ಬನ ಆಡಿ ಆಡಿ ದಣದಾನ ಅಮ್ಮಿ, ಅವನ್ನ ಮಲಗಿಸಿ ಬಂದೀನಿ ಅಂದ. ನಾಳೆ ಬರ್ತಾನ, ಏನೂ ಕೇಳಬ್ಯಾಡ, ಏನೂ ಅನಬ್ಯಾಡ ಅಂದ."

ಆಮೇಲೆ ಅಂಗೈ ಚಾಚಿದ್ಲು.

"ಅವನ ಮಣ್ಣ ನಿನ್ನ ಹತ್ರ ಐತಂತ. ಕೊಡು."

ಜುನೇದ್ ಗಂಟು ತೆಗೆದು ತಾಯಿಯ ಕೈಯಲ್ಲಿಟ್ಟ. ಅಲ್ಲೇ ಆಕೆಯ ಕಾಲ ಹತ್ತಿರ ಕೂತ. ಈಗಲಾದ್ರೂ ಅಳ್ತಾನೆ ಅಂತ ಎಲ್ಲರೂ ಕಾದ್ರು. ಅವನು ಅಳಲಿಲ್ಲ. ತಾಯಿಯ ತೊಡೆ ಮೇಲೆ ತಲೆ ಇಟ್ಟು, ಅಷ್ಟು ಜನರ ನಡುವೆ, ಮತ್ತೆ ನಿದ್ದೆ ಹೋದ. ಹೋ ಅಂತ ಅತ್ತಿದ್ದು ನಮ್ಮನೆಯವರು.

ಸಂಜೆ ಆ ಒಂದು ಹಿಡಿ ಮಣ್ಣನ್ನ ಅವರ ಅಪ್ಪನ ಗೋರಿ ಪಕ್ಕ ಇಟ್ರು. ಊರಿನ ಮಸೀದಿಯ ಹಜರತ್ರು, ಹೀಗೆಲ್ಲ ಎಲ್ಲೂ ಹೇಳಿಲ್ಲ ಅಂತ ಮೊದಲು ತಲೆ ಅಲ್ಲಾಡಿಸಿದ್ರು. ಆಮೇಲೆ ಅವರೇ ಜುನೇದ್‌ನ ಕೈ ಹಿಡಿದು ಮುಂದೆ ಕರೆದ್ರು. ಅವನು ಅದರ ಮೇಲೆ ಒಂದು ಹಿಡಿ ಮಣ್ಣು ಕೊಟ್ಟ. ಈ ಸಲ ಬೆರಳು ಬಿಚ್ಚಿದ್ವು. ಊರವರೂ ಕೊಟ್ರು, ನಮ್ಮನೆಯವರೂ ಕೊಟ್ರು. ಹೆಂಗಸರು ಗೋರಿಗಳ ಹತ್ತಿರ ಹೋಗೋ ಹಾಗಿಲ್ಲ, ಅಮೀರುನ್ನೀಸಾ ಬೇಲಿಯಾಚೆ ನಿಂತು ನೋಡಿದ್ಲು.

ನೀವು ಏನು ಯೋಚನೆ ಮಾಡ್ತಿದ್ದೀರಿ ಅಂತ ಗೊತ್ತು ವಾರಿಜಕ್ಕ. ಮುಂಬೈಯಿಂದ ಯಾರೋ ಫೋನಲ್ಲಿ ಹೇಳಿರಬೇಕು, ಕಣ್ಣು ಮಂಜಾಗಿದ್ದ ತಾಯಿ, ಯಾರನ್ನೋ ಕಂಡು ಮಗ ಅಂದುಕೊಂಡಿರಬೇಕು ಅಂತ. ನಾನೂ ಹಾಗೇ ಅಂದೆ. ನಮ್ಮನೆಯವರ ಜೊತೆ ಜಗಳಾನೇ ಆಡಿದೆ. ಹೆತ್ತವಳಿಗೆ ಮಕ್ಕಳ ಧ್ವನಿ ತಿಳಿಯಲ್ವಾ, ಮೊದಲ ದಿನವೇ ತಿಳಿದಿತ್ತೇನೋ ಅಂತಲೂ ಅಂದೆ. ಮಣ್ಣಿನ ವಿಷಯ? ಅದು ಆ ಮುದುಕನ ಅಂಗಳದಲ್ಲಿ ಇಬ್ಬರ ನಡುವೆ ಆದ ಮಾತು. ಅದನ್ನ ಅಮ್ಮಿಗೆ ಯಾರು ಹೇಳಿದ್ರು? ಅದನ್ನೂ ಬಿಡಿ.

ಆ ದಿನ ಜುನೇದ್ ತಾಯಿಯ ತೊಡೆಯಿಂದ ಎದ್ದ ಮೇಲೆ ಗಾಡಿ ಅಂಗಳದ ಒಳಗೆ ತಂದ. ಅವರ ಅಂಗಳ ಎರೆ ಮಣ್ಣು, ಮಳೆಯ ಹಸಿ ಇನ್ನೂ ಆರಿರಲಿಲ್ಲ, ಸೈಡ್ ಸ್ಟ್ಯಾಂಡ್ ಹಾಕಿದ್ರೆ ಹೂತು ಗಾಡಿ ಮಗುಚುತ್ತೆ. ಅಮ್ಮಿ ಕೂತಲ್ಲಿಂದಲೇ ಹೇಳಿದ್ಲು, "ಆ ಕಲ್ಲಿನ ಮ್ಯಾಲ ನಿಲ್ಲಸು. ಅವನೂ ಅಲ್ಲೇ ನಿಲ್ಲಸಿದ್ದ."

ಅಂಗಳದ ನಡುವೆ ಒಂದು ಚಪ್ಪಡಿ ಕಲ್ಲಿತ್ತು. ಬಟ್ಟೆ ಒಗೆಯೋ ಕಲ್ಲು. ಹಿಂದಿನ ದಿನ ಬೆಳಿಗ್ಗೆ ತಾನು ಹೊಲಿಗೆಗೆ ಹೋಗೋವಾಗ ಅದು ಹಿತ್ತಲ ಬಚ್ಚಲ ಹತ್ತಿರ ಇತ್ತು ಅಂತ ದಿಲನಾಜ ಆಣೆ ಮಾಡಿ ಹೇಳಿದ್ಲು. ಅಕ್ಕಪಕ್ಕದ ಮನೆಯವರನ್ನೆಲ್ಲ ಕೇಳಿದ್ರು. ಯಾರೂ ತಂದಿಲ್ಲ. ನಮ್ಮನೆಯವರು ದಿನಾ ಕಲ್ಲು ಎತ್ತೋ ಮನುಷ್ಯ. ಒಬ್ಬರೇ ಎತ್ತಿ ನೋಡಿದ್ರು, ಒಂದು ಬದಿ ಮಾತ್ರ ಎದ್ದಿತು.

ಜುನೇದ್ ಅದರ ಮೇಲೆ ಸ್ಟ್ಯಾಂಡ್ ಇಟ್ಟ. ಗಾಡಿ ಆವತ್ತಿಂದ ಅಲ್ಲೇ ಇದೆ, ಯಾರೂ ಓಡಿಸಿಲ್ಲ. ಹೋದ ಬೇಸಿಗೆಯಲ್ಲಿ ನಾನೂ ಹೋಗಿದ್ದೆ, ಬಗ್ಗಿ ನೋಡಿ ಬಂದೆ. ಸುಳ್ಳು ಹೇಳಿದ್ರೆ ನಾಳೆಯಿಂದ ನನ್ನ ನಲ್ಲೀಲಿ ನೀರು ಬರದೇ ಹೋಗಲಿ. ಜುನೇದ್ ಗಾಡಿ ನಿಲ್ಲಿಸಿದ್ದು ಒಂದೇ ಸಲ. ಕಲ್ಲಿನ ಮೇಲೆ ಸ್ಟ್ಯಾಂಡಿನ ಗೀರು ಎರಡಿವೆ.